ಸೀಸದ ಲೆಕ್ಕ ಬೀರುವಿನಿಂದ ಹೊರಬಂದಾಗ

ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿ ಶುರುವಾದದ್ದು 1920ರ ದಶಕದ ಅಮೆರಿಕದಲ್ಲಿ. ಎಂಜಿನ್ ಬಡಿದುಕೊಳ್ಳದೆ ನಯವಾಗಿ ಓಡಲಿ ಎಂದು ಟೆಟ್ರಾಈಥೈಲ್ ಲೆಡ್ ಎಂಬ ದ್ರವವನ್ನು ಸೇರಿಸುತ್ತಿದ್ದರು. ಅದು ವಿಷ ಎನ್ನುವುದು ಮೊದಲ ದಿನಗಳಲ್ಲೇ ಬಯಲಾಗಿತ್ತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಒಂದು ತೈಲ ಸಂಸ್ಕರಣಾಗಾರದಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಮತಿಭ್ರಮಣೆಯಾಗಿ ಸತ್ತರು. ಇಷ್ಟಾಗಿಯೂ ಮುಂದಿನ ಅರ್ಧ ಶತಮಾನ ಆ ಸೀಸ ಜಗತ್ತಿನ ಬೀದಿಬೀದಿಗಳ ಗಾಳಿಗೆ ಸೇರುತ್ತಲೇ ಹೋಯಿತು. ಗೊತ್ತಿದ್ದೂ ಹೀಗೇಕಾಯಿತು ಎಂದು ಕೇಳಿದರೆ ಹಣ, ರಾಜಕೀಯ ಎಂಬ ಉತ್ತರಗಳು ಸಿಗುತ್ತವೆ. ಅವು ಸುಳ್ಳಲ್ಲ. ಆದರೆ ಅವುಗಳಷ್ಟೇ ದೊಡ್ಡ ಇನ್ನೊಂದು ಕಾರಣವಿದೆ: ಜನರ ಮೈಯಲ್ಲಿ ಎಷ್ಟು ಸೀಸವಿದೆ ಎಂಬ ಲೆಕ್ಕ ಕೆಲವೇ ಜನರ ಕೈಯಲ್ಲಿತ್ತು.

ಆ ಲೆಕ್ಕ ಇಟ್ಟವರಲ್ಲಿ ಮುಖ್ಯರಾದವರು ಡಾ. ರಾಬರ್ಟ್ ಕೀಹೋ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಕೆಟರಿಂಗ್ ಪ್ರಯೋಗಾಲಯಕ್ಕೆ ಮುಖ್ಯಸ್ಥರು. ಜೊತೆಗೆ, ಸೀಸದ ದ್ರವ ಮಾರುತ್ತಿದ್ದ ಈಥೈಲ್ ಕಾರ್ಪೊರೇಷನ್ನಿಗೆ ವೈದ್ಯಕೀಯ ನಿರ್ದೇಶಕರು. ಪ್ರಯೋಗಾಲಯಕ್ಕೆ ಹಣ ಬರುತ್ತಿದ್ದುದು ಉದ್ಯಮದಿಂದ. ಫಲಿತಾಂಶಗಳನ್ನು ಅಚ್ಚಿಗೆ ಕಳಿಸುವ ಮೊದಲು ಹಣ ಕೊಟ್ಟವರಿಗೆ ತೋರಿಸಬೇಕೆಂಬ ಕರಾರೂ ಇತ್ತು. ಕೀಹೋ ಅವರ ವಾದ ಸರಳವಾಗಿತ್ತು. ಮಣ್ಣಿನಲ್ಲಿ ಸೀಸವಿದೆ, ಹಾಗಾಗಿ ಎಲ್ಲರ ದೇಹದಲ್ಲೂ ಸಹಜವಾಗಿ ಇರುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 80 ಮೈಕ್ರೋಗ್ರಾಂ ಮೀರದಿದ್ದರೆ ಅಪಾಯವಿಲ್ಲ. ಇದನ್ನು ತೋರಿಸಲು ಅವರ ತಂಡ ಮೆಕ್ಸಿಕೋದ ಹಳ್ಳಿಗರನ್ನು ಪರೀಕ್ಷಿಸಿ, ಮೋಟಾರು ಕಾಣದ ಜನರಲ್ಲೂ ಸೀಸವಿದೆ ಎಂದಿತು. ಆ ಹಳ್ಳಿಗರು ಉಣ್ಣುತ್ತಿದ್ದ ಮಣ್ಣಿನ ಪಾತ್ರೆಗಳ ಮೆರುಗಿನಲ್ಲೇ ಸೀಸವಿತ್ತು. ಆ ಕಚ್ಚಾ ಅಂಕಿಗಳನ್ನು ಹೊರಗಿನವರೊಬ್ಬರು ಎದುರಿಗಿಟ್ಟುಕೊಂಡು ಕೂತಿದ್ದರೆ, ಹೋಲಿಕೆಯ ಗುಂಪೇ ಸರಿಯಿಲ್ಲವಲ್ಲ ಎಂದು ಆಗಲೇ ಕೇಳಬಹುದಿತ್ತು.

ಆ ಪ್ರಶ್ನೆ ಕೊನೆಗೆ ಬಂದದ್ದು ವೈದ್ಯಲೋಕದ ಹೊರಗಿನಿಂದ. ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು 1956ರಲ್ಲಿ ಲೆಕ್ಕ ಹಾಕಿದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಆ ಕೆಲಸಕ್ಕಾಗಿ ಸೀಸವನ್ನು ಅತಿ ಸೂಕ್ಷ್ಮವಾಗಿ ಅಳೆಯಬೇಕಾಗಿತ್ತು. ಗಾಳಿಯ ಧೂಳು, ಪಾತ್ರೆ, ಬಟ್ಟೆ, ತಲೆಗೂದಲು ಎಲ್ಲದರಿಂದಲೂ ಸೀಸ ಬಂದು ಸ್ಯಾಂಪಲ್ಲನ್ನು ಕೆಡಿಸುತ್ತಿತ್ತು. ಅದನ್ನು ತಡೆಯಲು ಅವರು ಶುದ್ಧ ಕೋಣೆಯನ್ನೇ ಕಟ್ಟಿಕೊಂಡರು. ಆಮೇಲೆ 1965ರಲ್ಲಿ, ಆಧುನಿಕ ಮನುಷ್ಯನ ದೇಹದಲ್ಲಿರುವ ಸೀಸ ಸಹಜ ಪ್ರಮಾಣಕ್ಕಿಂತ ನೂರು ಪಟ್ಟಿನಷ್ಟಿದೆ ಎಂದು ಬರೆದರು. ಮರುವರ್ಷ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಪ್ಯಾಟರ್ಸನ್ ಮತ್ತು ಕೀಹೋ ಇಬ್ಬರೂ ಸಾಕ್ಷ್ಯ ಹೇಳಿದರು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು. ಯಾರು ಬೇಕಾದರೂ ತೆರೆದು ನೋಡಬಹುದಾದ ಸಾರ್ವಜನಿಕ ಲೆಕ್ಕ ಮಾತ್ರ ಇನ್ನೂ ಇರಲಿಲ್ಲ.

ಅಂಥ ಲೆಕ್ಕ ಹುಟ್ಟಿದ್ದು ಒಂದು ಸರ್ಕಾರಿ ಸಮೀಕ್ಷೆಯಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೌಷ್ಟಿಕತೆ ಪರೀಕ್ಷಾ ಸಮೀಕ್ಷೆ, ಅಲ್ಲಿನವರ ಬಾಯಲ್ಲಿ ಎನ್‌ಹೇನ್ಸ್, ಜನರನ್ನು ಪ್ರಶ್ನೆ ಕೇಳಿ ಸುಮ್ಮನಾಗುವುದಿಲ್ಲ. ಸಂಚಾರಿ ವಾಹನಗಳಲ್ಲಿ ಲ್ಯಾಬ್ ಹೊತ್ತುಕೊಂಡು ಊರೂರಿಗೆ ಹೋಗಿ ರಕ್ತ ತೆಗೆಯುತ್ತದೆ. 1976ರಿಂದ 1980ರವರೆಗಿನ ಅದರ ಎರಡನೇ ಸುತ್ತಿನಲ್ಲಿ ಸುಮಾರು 10,000 ಜನರ ರಕ್ತದ ಸೀಸ ಅಳೆದರು. ಅದೇ ವರ್ಷಗಳಲ್ಲಿ, ಹೊಸ ಕಾರುಗಳ ಹೊಗೆ ಶುದ್ಧಗೊಳಿಸುವ ಸಾಧನ ಸೀಸದಿಂದ ಕೆಡುತ್ತದೆಂಬ ಬೇರೆಯೇ ಕಾರಣಕ್ಕೆ, ಸೀಸರಹಿತ ಪೆಟ್ರೋಲ್ ಮಾರುಕಟ್ಟೆಗೆ ಬರುತ್ತಿತ್ತು. ಪೆಟ್ರೋಲಿಗೆ ಬಳಸಿದ ಸೀಸದ ಲೆಕ್ಕ ಒಂದು ಇಲಾಖೆಯಲ್ಲಿ, ರಕ್ತದ ಲೆಕ್ಕ ಇನ್ನೊಂದು ಇಲಾಖೆಯಲ್ಲಿ. ಎರಡನ್ನೂ ಒಂದೇ ಹಾಳೆಯ ಮೇಲೆ ಎಳೆದಾಗ ಎರಡು ಗೆರೆಗಳೂ ಜೊತೆಜೊತೆಯಾಗಿ ಇಳಿದಿದ್ದವು. ಸರಾಸರಿ ರಕ್ತ-ಸೀಸ 14.6ರಿಂದ 9.2 ಮೈಕ್ರೋಗ್ರಾಂಗೆ ಬಂದಿತ್ತು, ಅಂದರೆ ಶೇ 37ರಷ್ಟು ಕಡಿಮೆ.

ಸೀಸದ ನಿಯಮವನ್ನು ಸಡಿಲಿಸಬೇಕೆಂದು ಸರ್ಕಾರ ಯೋಚಿಸುತ್ತಿದ್ದ ಕಾಲವದು. ಆ ಒಂದು ಚಿತ್ರ ವಾದವನ್ನೇ ತಿರುಗಿಸಿತು. ಇಷ್ಟು ಬಲ ಅದಕ್ಕೆ ಬಂದದ್ದು ಗೆರೆಗಳ ಅಂದದಿಂದಲ್ಲ, ಲೆಕ್ಕ ಇಟ್ಟ ರೀತಿಯಿಂದ. ಸೀಸ ಇಳಿದಿಲ್ಲ, ಲ್ಯಾಬಿನ ಯಂತ್ರವೇ ವರ್ಷದಿಂದ ವರ್ಷಕ್ಕೆ ಕಡಿಮೆ ತೋರಿಸುತ್ತಾ ಬಂದಿರಬಹುದು ಎಂಬ ಆಕ್ಷೇಪ ಎದ್ದೇ ಎದ್ದಿತು. ಸಮೀಕ್ಷೆಯವರು ಪ್ರಮಾಣ ಗೊತ್ತಿರುವ ಸ್ಯಾಂಪಲ್‌ಗಳನ್ನು ಲ್ಯಾಬಿನವರಿಗೆ ತಿಳಿಯದಂತೆ ನಡುನಡುವೆ ಕಳಿಸಿ, ಆ ಫಲಿತಾಂಶಗಳನ್ನೂ ಜೋಪಾನ ಮಾಡಿದ್ದರು. ಆ ಪುಟ ತೆರೆದು ತೋರಿಸಿದಾಗ ಆಕ್ಷೇಪ ಬಿದ್ದುಹೋಯಿತು. ಋತು, ಪ್ರದೇಶ, ಆದಾಯ, ವಯಸ್ಸು ಎಂದು ಉಳಿದ ಪ್ರಶ್ನೆಗಳಿಗೂ ಕಡತದಲ್ಲೇ ಉತ್ತರವಿತ್ತು. ಪರಿಸರ ಸಂರಕ್ಷಣಾ ಸಂಸ್ಥೆಯ ಜೋಯೆಲ್ ಶ್ವಾರ್ಟ್ಜ್ ಅದೇ ಅಂಕಿಗಳಿಂದ, ಸೀಸ ತೆಗೆಯುವ ವೆಚ್ಚಕ್ಕಿಂತ ಮಕ್ಕಳ ಆರೋಗ್ಯದಲ್ಲಿ ಉಳಿಯುವ ಲಾಭ ಎಷ್ಟೋ ಪಾಲು ದೊಡ್ಡದೆಂದು ತೋರಿಸಿದರು. 1986ರ ಆರಂಭದಿಂದ ಒಂದು ಗ್ಯಾಲನ್ ಪೆಟ್ರೋಲಿಗೆ 0.1 ಗ್ರಾಂ ಸೀಸ ಮಾತ್ರ ಎಂಬ ಮಿತಿ ಬಂತು.

ಪರಿಸರದ ವಿಷ ಮತ್ತು ಆರೋಗ್ಯದ ಸಂಶೋಧನೆಯಲ್ಲಿ ದತ್ತಾಂಶ ಹಂಚಿಕೊಳ್ಳಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಂದ ಹಣ ಬೇಕಾದರೆ, ಅಂಕಿಗಳನ್ನು ಹೇಗೆ ಕಾಪಾಡಿ ಹೇಗೆ ಹಂಚುತ್ತೀರಿ ಎಂಬ ಯೋಜನೆಯನ್ನು 2023ರ ಜನವರಿಯಿಂದ ಮೊದಲೇ ಸಲ್ಲಿಸಬೇಕು. ಇದು ಕಾಗದಪತ್ರದ ತಲೆನೋವು ಎಂದು ಗೊಣಗುವ ಸಂಶೋಧಕರಿದ್ದಾರೆ. ಹಂಚಿಕೊಳ್ಳದೇ ಇದ್ದರೆ ಯಾವ ಸತ್ಯ ಕಾಣಿಸುವುದೇ ಇಲ್ಲ ಎಂಬುದಕ್ಕೆ ನಾನು ಅವರ ಮುಂದಿಡುವುದು 2005ರ ಒಂದು ಅಧ್ಯಯನವನ್ನು.

1990ರ ದಶಕದ ಹೊತ್ತಿಗೆ ಹಲವು ತಂಡಗಳು ಮಕ್ಕಳನ್ನು ಹುಟ್ಟಿನಿಂದ ಅಥವಾ ಎಳವೆಯಿಂದ ಹಿಂಬಾಲಿಸಿ, ರಕ್ತದ ಸೀಸವನ್ನೂ ಮುಂದೆ ಐಕ್ಯೂವನ್ನೂ ಅಳೆದಿದ್ದವು. ಬಾಸ್ಟನ್, ಸಿನ್ಸಿನಾಟಿ, ಕ್ಲೀವ್‌ಲ್ಯಾಂಡ್, ರಾಚೆಸ್ಟರ್, ಮೆಕ್ಸಿಕೋ ಸಿಟಿ, ಸೀಸ ಕರಗಿಸುವ ಕುಲುಮೆಯಿದ್ದ ಆಸ್ಟ್ರೇಲಿಯಾದ ಪೋರ್ಟ್ ಪೀರಿ, ಅಂಥದೇ ಕುಲುಮೆಯಿದ್ದ ಕೊಸೊವೊ. 10 ಮೈಕ್ರೋಗ್ರಾಂ ಮೀರಿದರೆ ಕಾಳಜಿ ವಹಿಸಿ ಎಂದು 1991ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿತ್ತು. ಹತ್ತಕ್ಕಿಂತ ಕೆಳಗೆ ಏನಾಗುತ್ತದೆ? ಇದಕ್ಕೆ ಯಾವ ಊರಿನ ಅಧ್ಯಯನವೂ ಒಂಟಿಯಾಗಿ ಗಟ್ಟಿ ಉತ್ತರ ಕೊಡಲಾರದು. ಕುಲುಮೆಯ ಊರಿನಲ್ಲಿ ಕಡಿಮೆ ಸೀಸದ ಮಕ್ಕಳು ವಿರಳ. ಬಾಸ್ಟನ್ನಿನಲ್ಲಿ ಹೆಚ್ಚು ಸೀಸದವರು ವಿರಳ.

ಬ್ರೂಸ್ ಲ್ಯಾನ್ಫಿಯರ್ ನೇತೃತ್ವದಲ್ಲಿ ಏಳೂ ತಂಡಗಳು ಪ್ರಕಟಿತ ಸರಾಸರಿಗಳನ್ನು ಬಿಟ್ಟು ಒಂದೊಂದು ಮಗುವಿನ ಅಂಕಿಯನ್ನೇ ತಂದು ಒಂದು ಕಡೆ ಸೇರಿಸಿದವು. ಒಟ್ಟು 1,333 ಮಕ್ಕಳು. ಅವರಲ್ಲಿ 244 ಮಕ್ಕಳ ಸೀಸ ಎಂದೂ 10 ಮುಟ್ಟಿರಲಿಲ್ಲ. ತಾಯಿಯ ಐಕ್ಯೂ, ಆಕೆಯ ಓದು, ಮಗುವಿನ ಜನನತೂಕ, ಮನೆಯಲ್ಲಿ ಮಗುವಿಗೆ ಸಿಗುವ ಒಡನಾಟ ಇವೆಲ್ಲದರ ಪ್ರಭಾವವನ್ನು ಬೇರ್ಪಡಿಸಿ ನೋಡಿದಾಗ ಬಂದ ಫಲಿತಾಂಶ ಆತಂಕ ಹುಟ್ಟಿಸುವಂತಿತ್ತು. ಸೀಸ 2.4ರಿಂದ 10ಕ್ಕೆ ಏರುವಾಗ ಐಕ್ಯೂ 3.9 ಅಂಕ ಕುಸಿಯುತ್ತದೆ. 10ರಿಂದ 20ಕ್ಕೆ ಏರುವಾಗ 1.9 ಅಂಕ, 20ರಿಂದ 30ಕ್ಕೆ 1.1 ಅಂಕ. ಸುರಕ್ಷಿತ ಎಂದುಕೊಂಡಿದ್ದ ಹತ್ತರ ಕೆಳಗಿನ ವಲಯದಲ್ಲೇ ಪ್ರತಿ ಮೈಕ್ರೋಗ್ರಾಂನ ಹಾನಿ ಎಲ್ಲಕ್ಕಿಂತ ಹೆಚ್ಚು. ಏಳು ಕಪಾಟುಗಳಲ್ಲಿ ಬಿಡಿಬಿಡಿಯಾಗಿ ಉಳಿದಿದ್ದರೆ ಈ ವಕ್ರರೇಖೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಇಂಥ ಸಾಕ್ಷ್ಯಗಳ ಬಲದಿಂದಲೇ ಅಮೆರಿಕ 2012ರಲ್ಲಿ ಹತ್ತರ ಮಿತಿಯನ್ನು ಕೈಬಿಟ್ಟು 5ಕ್ಕೆ, 2021ರಲ್ಲಿ 3.5ಕ್ಕೆ ಬಂತು.

ಹೀಗೆ ಒಟ್ಟುಗೂಡಿಸುವುದು ಹೇಳಿದಷ್ಟು ಸುಲಭವಲ್ಲ. ಇಲ್ಲಿ ಓದುಗರು ಸ್ವಲ್ಪ ತಾಳ್ಮೆಯಿಂದ ನನ್ನ ಜೊತೆ ಬರಬೇಕು, ಏಕೆಂದರೆ ವಿಜ್ಞಾನದ ಬಹುಪಾಲು ಶ್ರಮ ಈ ಮಂಕಾದ ಕೆಲಸದಲ್ಲೇ ಇದೆ. ಒಂದು ಲ್ಯಾಬಿನ ಯಂತ್ರ 1 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಗುರುತಿಸಲಾರದು ಎಂದುಕೊಳ್ಳಿ. ಅಂಥ ಮಗುವಿನ ಎದುರು ಒಬ್ಬರು ಸೊನ್ನೆ ಬರೆದಿರುತ್ತಾರೆ, ಇನ್ನೊಬ್ಬರು ಖಾಲಿ ಬಿಟ್ಟಿರುತ್ತಾರೆ, ಮತ್ತೊಬ್ಬರು 'ಸಿಗಲಿಲ್ಲ' ಎಂದು ಬರೆದಿರುತ್ತಾರೆ. ಸೊನ್ನೆ ತಪ್ಪು, ಸೀಸ ಇಲ್ಲವೆಂದು ಯಾರೂ ಕಂಡಿಲ್ಲ. ಖಾಲಿ ಜಾಗ ಇನ್ನೂ ತಪ್ಪು, ಪರೀಕ್ಷೆಯೇ ನಡೆಯದ ಮಗುವಿಗೂ ಅದೇ ಖಾಲಿ ಜಾಗ. ಎನ್‌ಹೇನ್ಸ್ ಕಡತಗಳಲ್ಲಿ ಅಂಥ ಕಡೆ ಯಂತ್ರದ ಪತ್ತೆ-ಮಿತಿಯನ್ನು ಎರಡರ ವರ್ಗಮೂಲದಿಂದ ಭಾಗಿಸಿದ ಸಂಖ್ಯೆಯನ್ನು ತುಂಬಿ, ಪಕ್ಕದ ಅಂಕಣದಲ್ಲಿ ಇದು ಅಳೆದದ್ದಲ್ಲ, ತುಂಬಿದ್ದು ಎಂದು ಗುರುತು ಹಾಕುತ್ತಾರೆ. ಆ ಗುರುತು ಇರುವುದರಿಂದಲೇ ಮೂವತ್ತು ವರ್ಷಗಳ ನಂತರ ಬೇರೆ ದೇಶದಲ್ಲಿ ಕೂತವರೂ ಆ ಅಂಕಿಯನ್ನು ಸರಿಯಾಗಿ ಓದಬಹುದು.

ರಕ್ತ ಎಲ್ಲಿಂದ ತೆಗೆದರು ಎಂಬುದೂ ಬರೆದಿರಬೇಕು. ಬೆರಳು ಚುಚ್ಚಿ ತೆಗೆದ ಹನಿಗೆ ಚರ್ಮದ ಮೇಲಿನ ಧೂಳಿನ ಸೀಸ ಸೇರಿ ಹೆಚ್ಚು ತೋರಿಸಬಹುದು. 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದಕ್ಕೆ ತದ್ವಿರುದ್ಧವಾದ ಎಚ್ಚರಿಕೆ ಕೊಟ್ಟಿತು: ಬಹಳ ಬಳಕೆಯಲ್ಲಿದ್ದ ಒಂದು ಬಗೆಯ ಪುಟ್ಟ ಯಂತ್ರ, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸವನ್ನು ಕಡಿಮೆ ತೋರಿಸಬಹುದು. ಯಾವ ಯಂತ್ರ, ಯಾವ ಬಗೆಯ ರಕ್ತ, ಯಾವ ತಿಂಗಳು ಎಂದು ಬರೆದಿಟ್ಟ ಕಡತಗಳಲ್ಲಿ ಸಂಶಯದ ಅಂಕಿಗಳನ್ನು ಹೆಕ್ಕಿ ಬದಿಗಿಡಬಹುದು. ಬರೆದಿಡದ ಕಡತದಲ್ಲಿ ಒಂದು ಅಂಕಿಯ ಮೇಲಿನ ಸಂಶಯ ಎಲ್ಲ ಅಂಕಿಗಳಿಗೂ ತಗಲುತ್ತದೆ. ಅಮೆರಿಕದ ಪರಿಸರ ಆರೋಗ್ಯ ಸಂಸ್ಥೆ 2015ರಲ್ಲಿ ಮಕ್ಕಳಿಗಾಗಿ ಆರಂಭಿಸಿ 2019ರಲ್ಲಿ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿದ ವ್ಯವಸ್ಥೆಯೊಂದು ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿತ್ತು. ಸಂಶೋಧಕರ ಸ್ಯಾಂಪಲ್‌ಗಳನ್ನು ನುರಿತ ಲ್ಯಾಬುಗಳು ಪರೀಕ್ಷಿಸಿಕೊಡುತ್ತಿದ್ದವು. ಪ್ರತಿಯಾಗಿ ಅಂಕಿಗಳನ್ನು, ಒಪ್ಪಿತ ಹೆಸರು ಮತ್ತು ಅಳತೆಗಳ ವಿವರಪಟ್ಟಿಯೊಂದಿಗೆ, ಎಲ್ಲರಿಗೂ ಸಲ್ಲುವ ಭಂಡಾರಕ್ಕೆ ಸೇರಿಸಬೇಕಿತ್ತು.

ಹಂಚಿದ ಲೆಕ್ಕದಲ್ಲಿ ತಪ್ಪು ಹೊರಬಿದ್ದರೆ ಮಾನ ಹೋಗುತ್ತದೆ ಎಂಬ ಅಂಜಿಕೆ ಹಲವರಿಗೆ. ಏಳು ಊರುಗಳ ಆ ಅಧ್ಯಯನದ ಅಂಕಿಗಳನ್ನೇ ಬೇರೊಂದು ತಂಡ ಪಡೆದು 2013ರಲ್ಲಿ ಮತ್ತೆ ಲೆಕ್ಕ ಹಾಕಿತು. ಕೆಲವು ತಪ್ಪುಗಳು ನಿಜವಾಗಿಯೂ ಸಿಕ್ಕವು. ತಿದ್ದಿ ನೋಡಿದರೂ ಮುಖ್ಯ ನಿರ್ಣಯ ಹಾಗೆಯೇ ನಿಂತಿತು: ಕಡಿಮೆ ಪ್ರಮಾಣದಲ್ಲೂ ಹಾನಿಯಿದೆ, ಅಲ್ಲೇ ರೇಖೆ ಕಡಿದಾಗಿದೆ. ಮೂಲ ಲೇಖಕರು 2019ರಲ್ಲಿ ತಿದ್ದುಪಡಿ ಪ್ರಕಟಿಸಿದರು. ಪರೀಕ್ಷೆಗೆ ಒಡ್ಡಿಕೊಂಡು ಉಳಿದ ಮಾತಿನ ಮೇಲೆ ನನಗೆ ಇರುವ ನಂಬಿಕೆ, ಯಾರೂ ಮುಟ್ಟಿ ನೋಡದ ನಿಷ್ಕಳಂಕ ಅಂಕಿಯ ಮೇಲೆ ಇಲ್ಲ.

ಹಂಚಿಕೆಯ ಅತಿ ಕಷ್ಟದ ಪ್ರಶ್ನೆ ಎದುರಾದದ್ದು ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ. 2014ರ ಏಪ್ರಿಲ್‌ನಲ್ಲಿ ಆ ಊರಿಗೆ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರಿನ ಬದಲು ಫ್ಲಿಂಟ್ ನದಿಯ ನೀರು ಬಿಟ್ಟರು. ಕೊಳವೆಗಳು ಸವೆಯದಂತೆ ಸೇರಿಸಬೇಕಾದ ರಾಸಾಯನಿಕ ಸೇರಿಸಲಿಲ್ಲ. ಹಳೆಯ ಕೊಳವೆಗಳ ಸೀಸ ನೀರಿಗಿಳಿಯಿತು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅತಿಶಾ ತಮ್ಮ ಆಸ್ಪತ್ರೆಯ ಕಂಪ್ಯೂಟರಿನಲ್ಲಿದ್ದ ಮಕ್ಕಳ ರಕ್ತಪರೀಕ್ಷೆಗಳನ್ನು ತೆಗೆದು, ನೀರು ಬದಲಾಗುವ ಮೊದಲು ಮತ್ತು ನಂತರ ಎಂದು ವಿಂಗಡಿಸಿದರು. 5 ಮೈಕ್ರೋಗ್ರಾಂ ಮುಟ್ಟಿದ ಮಕ್ಕಳ ಪಾಲು ಶೇ 2.4ರಿಂದ 4.9ಕ್ಕೆ ಏರಿತ್ತು. 2015ರ ಸೆಪ್ಟೆಂಬರಿನಲ್ಲಿ ಅವರು ಈ ಏರಿಕೆಯನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳಿದಾಗ ರಾಜ್ಯದ ಅಧಿಕಾರಿಗಳು ಮೊದಲು ಅಲ್ಲಗಳೆದರು. ರಾಜ್ಯದ ಬಳಿ ಇವರಿಗಿಂತ ದೊಡ್ಡ ಕಡತವಿತ್ತು. ಕೆಲವೇ ದಿನಗಳಲ್ಲಿ, ಅದನ್ನು ತೆರೆದು ನೋಡಿದ ಮೇಲೆ, ಅವರೂ ಒಪ್ಪಿಕೊಳ್ಳಬೇಕಾಯಿತು.

ರಾಜ್ಯದವರಿಗೆ ಅದು ಮೊದಲೇ ಏಕೆ ಕಾಣಲಿಲ್ಲ ಎಂಬುದಕ್ಕೆ ಒಂದು ತಾಂತ್ರಿಕ ಕಾರಣವನ್ನು ಬಿಡಿಸಿ ಹೇಳಲೇಬೇಕು. ಲೆಕ್ಕ ಹಾಕುತ್ತಿದ್ದುದು ಅಂಚೆಯ ಪಿನ್ ಸಂಖ್ಯೆಯಂಥ ಜಿಪ್ ಕೋಡ್ ಆಧರಿಸಿ. ಫ್ಲಿಂಟ್‌ನ ಜಿಪ್ ಕೋಡುಗಳು ನಗರದ ಗಡಿ ದಾಟಿ, ಆ ನೀರನ್ನು ಕುಡಿಯದ ಮನೆಗಳನ್ನೂ ಒಳಗೊಳ್ಳುತ್ತವೆ. ವಿಷ ತಾಗಿದವರ ಜೊತೆ ತಾಗದವರು ಸೇರಿದಾಗ ಸರಾಸರಿ ತೆಳುವಾಯಿತು. ಭೂಗೋಳ ತಜ್ಞರೊಬ್ಬರ ನೆರವಿನಿಂದ ಪ್ರತಿ ಮಗುವಿನ ವಿಳಾಸವನ್ನೇ ನಕಾಶೆಯ ಮೇಲೆ ಗುರುತಿಸಿದಾಗ, ನೀರಿನಲ್ಲಿ ಸೀಸ ಹೆಚ್ಚಿದ್ದ ವಾರ್ಡುಗಳಲ್ಲಿ ಆ ಪಾಲು ಶೇ 4ರಿಂದ 10.6ಕ್ಕೆ ಏರಿದ್ದು ಕಂಡಿತು.

ತೊಡಕು ಇರುವುದು ಇಲ್ಲೇ. ವಿಷ ಹುಡುಕಲು ವಿಳಾಸ ಬೇಕು. ವಿಳಾಸವಿದ್ದರೆ ಮಗು ಯಾರೆಂದು ಗೊತ್ತಾಗುತ್ತದೆ. ಹೆಸರು ಅಳಿಸಿದರೂ ಹುಟ್ಟಿದ ದಿನಾಂಕ, ಊರು, ಲಿಂಗ ಮೂರೂ ಸೇರಿದರೆ ಸಣ್ಣ ಊರಿನಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ. 'ಸೀಸ ತಗಲಿದ ಮಗು' ಎಂಬ ಹಣೆಪಟ್ಟಿ ನಾಳೆ ಶಾಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ, ವಿಮೆಯಲ್ಲಿ ಕಾಡಬಾರದು. ಎನ್‌ಹೇನ್ಸ್ ಇದಕ್ಕೆ ಎರಡು ಬಾಗಿಲು ಇಟ್ಟಿದೆ. ಊರಿನ ಗುರುತು ತೆಗೆದ ಕಡತವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸ್ಥಳದ ವಿವರ ಬೇಕಾದವರು ಅರ್ಜಿ ಹಾಕಿ, ಒಪ್ಪಿಗೆ ಪಡೆದು, ಸರ್ಕಾರದ ಕಾವಲಿನ ದತ್ತಾಂಶ ಕೇಂದ್ರದಲ್ಲೇ ಲೆಕ್ಕ ಮಾಡಿ, ಪರಿಶೀಲನೆಯಾದ ಫಲಿತಾಂಶವನ್ನಷ್ಟೇ ಹೊರಗೆ ಒಯ್ಯಬೇಕು. ಗೋಪ್ಯತೆಯ ಹೆಸರಿನಲ್ಲಿ ಎಲ್ಲಕ್ಕೂ ಬೀಗ ಹಾಕುವುದಕ್ಕಿಂತ ಇದು ಎಷ್ಟೋ ನ್ಯಾಯವಾದ ದಾರಿ.

ನಮ್ಮ ಕಡೆ ನೋಡೋಣ. ಈ ವಿಷಯದಲ್ಲಿ ಬೆಂಗಳೂರಿಗೆ ಗೌರವದ ಸ್ಥಾನವಿದೆ. 1990ರ ದಶಕದ ಕೊನೆಯಲ್ಲಿ ಇಲ್ಲಿನ ಜಾರ್ಜ್ ಫೌಂಡೇಷನ್ ಬೆಂಗಳೂರು, ಚೆನ್ನೈ, ಮುಂಬೈ, ದೆಹಲಿ ಸೇರಿದಂತೆ ಏಳು ನಗರಗಳಲ್ಲಿ 22,000ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತು. ನಗರಗಳ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು 10 ಮೈಕ್ರೋಗ್ರಾಂ ದಾಟಿತ್ತು. 1999ರಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರ ಮುಂದಾಳತ್ವದಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರ ಕೆಲಸ ಮಾಡಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು.

ಆದರೆ ಅಷ್ಟು ದೊಡ್ಡ ಬದಲಾವಣೆಯ ಮೊದಲು ಮತ್ತು ನಂತರ ಏನಾಯಿತೆಂದು ತೋರಿಸುವ, ಅಮೆರಿಕದವರು ಎಳೆದಂಥ ಎರಡು ಗೆರೆಗಳನ್ನು ಭಾರತಕ್ಕೆ ನಾವು ಎಳೆಯಲಾರೆವು. ನಗರಕ್ಕೊಂದು, ಆಸ್ಪತ್ರೆಗೊಂದು ಅಧ್ಯಯನಗಳಿವೆ. ಇಡೀ ದೇಶವನ್ನು ಪ್ರತಿನಿಧಿಸುವ, ಒಂದೇ ವಿಧಾನದಲ್ಲಿ ವರ್ಷ ವರ್ಷ ಅಳೆದ ಕಡತವಿಲ್ಲ. 2018ರಲ್ಲಿ ಸಂಶೋಧಕರು ಆ ದಶಕದ ಭಾರತೀಯ ಅಧ್ಯಯನಗಳನ್ನು ಕೂಡಿಸಲು ಹೊರಟಾಗ ಅವರಿಗೆ ಸಿಕ್ಕಿದ್ದು 31 ಅಧ್ಯಯನ, ಒಂಬತ್ತು ರಾಜ್ಯ, 5,472 ಜನ. ಮಕ್ಕಳ ಸರಾಸರಿ 6.86 ಮೈಕ್ರೋಗ್ರಾಂ, ಪೆಟ್ರೋಲಿನ ಸೀಸ ಹೋಗಿ ವರ್ಷಗಳೇ ಕಳೆದ ಮೇಲೆ. ಭಾರತದ 27.5 ಕೋಟಿ ಮಕ್ಕಳಲ್ಲಿ 5ಕ್ಕಿಂತ ಹೆಚ್ಚು ಸೀಸವಿದೆ ಎಂದು 2020ರಲ್ಲಿ ಯೂನಿಸೆಫ್ ಮತ್ತು ಪ್ಯೂರ್ ಅರ್ಥ್ ಹೇಳಿದ ಸಂಖ್ಯೆಯೂ ಗಣಿತದ ಮಾದರಿಯಿಂದ ಬಂದ ಅಂದಾಜು. ಈಗ ಸೀಸ ಬರುತ್ತಿರುವುದು ಗುಜರಿಯಲ್ಲಿ ಒಡೆದು ಕರಗಿಸುವ ಹಳೇ ಬ್ಯಾಟರಿಗಳಿಂದ, ಹಳೇ ಬಣ್ಣಗಳಿಂದ, ಅರಿಸಿನಕ್ಕೆ ಹೊಳಪು ಬರಲೆಂದು ಬೆರೆಸುವ ಲೆಡ್ ಕ್ರೋಮೇಟಿನಿಂದ. ಇವುಗಳಲ್ಲಿ ಕರ್ನಾಟಕದ ಯಾವ ತಾಲ್ಲೂಕಿನಲ್ಲಿ ಯಾವುದರ ಪಾಲು ಎಷ್ಟು ಎಂದು ಮಾದರಿ ಹೇಳಲಾರದು, ಮಕ್ಕಳ ರಕ್ತವೇ ಹೇಳಬೇಕು.

ಅದಕ್ಕೆ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾರ್ಯಕರ್ತೆಯರು 2019–21ರ ಸುತ್ತಿನವರೆಗೆ ಲಕ್ಷಾಂತರ ಮನೆಗಳಿಗೆ ಹೋಗಿ, ರಕ್ತಹೀನತೆ ನೋಡಲು ಮಕ್ಕಳಿಂದ ರಕ್ತದ ಹನಿ ತೆಗೆಯುತ್ತಿದ್ದರು. ಅದರ ಅಂಕಿಗಳನ್ನು ಹೆಸರಿಲ್ಲದೆ ಸಂಶೋಧಕರಿಗೆ ಕೊಡುವ ಪದ್ಧತಿಯೂ ಹಳೆಯದು. ಕಬ್ಬಿಣದ ಕೊರತೆಯಿರುವ ಮಗು ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಹಾಗಾಗಿ ಎರಡನ್ನೂ ಒಂದೇ ಮಗುವಿನಲ್ಲಿ ಅಳೆದರೆ ಸಿಗುವ ತಿಳಿವಳಿಕೆ ಇಮ್ಮಡಿ. ಮುಂದಿನ ಸುತ್ತಿನಲ್ಲಿ ಆಯ್ದ ಮನೆಗಳಲ್ಲಾದರೂ ಸೀಸದ ಪರೀಕ್ಷೆಯನ್ನು ಸೇರಿಸಲಿ. ಬೆರಳಿನ ಹನಿಯಲ್ಲಿ ಹೆಚ್ಚು ಕಂಡ ಮಕ್ಕಳಿಗೆ ರಕ್ತನಾಳದಿಂದ ತೆಗೆದು ಮರುಪರೀಕ್ಷೆ ಮಾಡಲಿ, ಫಲಿತಾಂಶವನ್ನು ಮೊದಲು ಆ ತಾಯಿಗೆ ಅವಳ ಭಾಷೆಯಲ್ಲಿ ತಿಳಿಸಲಿ. ಯಂತ್ರ, ಪತ್ತೆ-ಮಿತಿ, ತೆಗೆದ ತಿಂಗಳು, ಮನೆಯ ಸುತ್ತಮುತ್ತ ಬ್ಯಾಟರಿ ಕೆಲಸವಿದೆಯೇ, ಅರಿಸಿನ ಅಂಗಡಿಯದೋ ಮನೆಯಲ್ಲಿ ಕುಟ್ಟಿದ್ದೋ ಇವೆಲ್ಲ ಅದೇ ಕಡತದ ಅಂಕಣಗಳಾಗಲಿ.

ಫ್ಲೋರೈಡಿನ ಮಾತೂ ಇಷ್ಟೇ. ಕೊಪ್ಪಳ, ಪಾವಗಡಗಳ ಕೊಳವೆಬಾವಿಯ ನೀರಿನ ಪರೀಕ್ಷೆ ಒಂದು ಇಲಾಖೆಯಲ್ಲಿ, ಅಲ್ಲಿನ ಮಕ್ಕಳ ಹಲ್ಲು ಮೂಳೆಗಳ ತಪಾಸಣೆ ಇನ್ನೊಂದು ಇಲಾಖೆಯಲ್ಲಿ. ಕೇಂದ್ರ ಸರ್ಕಾರ ಪ್ರತಿ ಹಳ್ಳಿಗೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ಎರಡೂ ಇಲಾಖೆಗಳ ನಮೂನೆಗಳಲ್ಲಿ ಆ ಸಂಖ್ಯೆಗೊಂದು ಕಾಲಂ ಇಟ್ಟು ಕಡ್ಡಾಯವಾಗಿ ತುಂಬಿಸಿದರೆ, ಎರಡು ಪಟ್ಟಿಗಳನ್ನು ಜೋಡಿಸುವ ಕೆಲಸವನ್ನು ಯಾವುದೇ ಜಿಲ್ಲೆಯ ಕಾಲೇಜಿನ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಮಾಡಬಲ್ಲರು.